ಊಟದ ಜೊತೆ ಕೊಟ್ಟ ಪುಸ್ತಕ

ಗೆಳೆಯ ಸದಾಶಿವಯ್ಯನಿಗೆ ಒಂದು ಪುಸ್ತಕ ಹಿಡಿಸದಿದ್ದರೆ ಹೇಳದೆ ಇರಲು ಆಗುತ್ತಿರಲಿಲ್ಲ. ಬರೆದವರು ಕೈಗೆ ಸಿಗುತ್ತಿರಲಿಲ್ಲ. ಹಾಗಾಗಿ ಕೊಟ್ಟವರಿಗೇ ಹೇಳಿಬಿಡುತ್ತಿದ್ದ.

ನಮ್ಮ ಕಡೆ ಯಾರಾದರೂ ತೀರಿಕೊಂಡರೆ, ಶಿವಗಣಾರಾಧನೆಯ ದಿನ ಊಟ ಮುಗಿಸಿ ಹೊರಡುವವರ ಕೈಗೆ ಪುಸ್ತಕ ಕೊಡುವ ರೂಢಿ ಕೆಲವು ಮನೆಗಳಲ್ಲಿದೆ. ವಚನವೋ, ಶರಣರ ಚರಿತ್ರೆಯೋ, ಒಮ್ಮೊಮ್ಮೆ ಕಾದಂಬರಿಯೋ. ಒಳಪುಟದಲ್ಲಿ ಹೋದವರ ಫೋಟೊ ಇರುತ್ತದೆ. ಜನ ಅದನ್ನು ಕಣ್ಣಿಗೊತ್ತಿಕೊಂಡು, ಮನೆಗೆ ತಂದು ಟೀವಿ ಪಕ್ಕ ಇಡುತ್ತಾರೆ.

ಸದಾಶಿವಯ್ಯ ಓದುತ್ತಿದ್ದ. ತುಮಕೂರಿನ ಮಂಡಿಪೇಟೆಯಲ್ಲಿ ಅವನದು ಹಗ್ಗ, ಗೋಣಿಚೀಲದ ಅಂಗಡಿ. ಅಧ್ಯಾಯ ಮುಗಿಯುವ ತನಕ ಗಿರಾಕಿ ನಿಂತಿರಬೇಕು. “ಒಂದ್ ನಿಮಿಷ ಇರಪ್ಪಾ, ಇವ್ಳು ಗಂಡನ್ ಮನೆಗೆ ವಾಪಸ್ ಹೋಗ್ತಾಳೋ ಇಲ್ವೋ ನೋಡ್ಬಿಡ್ತೀನಿ” ಅನ್ನುತ್ತಿದ್ದ. ಅವಳು ಹೋಗದಿದ್ದರೆ ಖುಷಿಗೆ ಹಗ್ಗ ಒಂದು ಮೊಳ ಜಾಸ್ತಿಯೇ ಸಿಗುತ್ತಿತ್ತು.

ಕುಣಿಗಲ್‌ನ ಉದಯಕುಮಾರ್ ತನ್ನ ತಂದೆಯ ಆರಾಧನೆಯಲ್ಲಿ ಒಂದು ನೀತಿಕಥೆಗಳ ಪುಸ್ತಕ ಹಂಚಿದ್ದ. ವಾರ ಕಳೆದ ಮೇಲೆ ಸದಾಶಿವಯ್ಯ ನನ್ನನ್ನೂ ಎಳೆದುಕೊಂಡು ಆ ಮನೆಗೆ ಹೋದ. ಕಾಫಿ ಕುಡಿದು ಲೋಟ ಕೆಳಗಿಟ್ಟ.

“ನಿಮ್ ತಂದೆ ಒಳ್ಳೇವ್ರು ಕಣಪ್ಪ. ಪುಸ್ತಕ ಮಾತ್ರ ಚೆನ್ನಾಗಿಲ್ಲ. ಮೊದಲ್ನೇ ಪುಟದಿಂದ್ಲೂ ಬರೀ ಬುದ್ಧಿ ಹೇಳ್ತಾರೆ. ನಿಮ್ ತಂದೆ ಯಾವತ್ತಾದ್ರೂ ಯಾರಿಗಾದ್ರೂ ಬುದ್ಧಿ ಹೇಳಿದ್ರಾ?”

ಉದಯಕುಮಾರನ ಮುಖ ಕೆಂಪಾಯಿತು. ಬಸ್ಸಿನಲ್ಲಿ ನಾನು ಚೆನ್ನಾಗಿ ಬೈದೆ. “ಏನ್ಲಾ ಸೋಮ, ಓದ್ದೆ ಟೀವಿ ಪಕ್ಕ ಇಟ್ಟಿದ್ರೆ ಮರ್ಯಾದೆ ಆಗ್ತಿತ್ತಾ?” ಎಂದು ನನ್ನನ್ನೇ ಕೇಳಿದ.

ಬೈದ ಪುಸ್ತಕವನ್ನೇ ಮತ್ತೆ ಓದುವುದು ಅವನ ಇನ್ನೊಂದು ಚಾಳಿ. ಎರಡನೇ ಓದಿಗೆ ಹಿಡಿಸಿದರೆ ತನ್ನ ಅಭಿಪ್ರಾಯ ಬದಲಾಯಿತೆಂದು ಒಪ್ಪುವ ಆಸಾಮಿಯಲ್ಲ. “ಪುಸ್ತಕ ಸುಧಾರಿಸಿದೆ ಕಣೋ” ಅನ್ನುತ್ತಿದ್ದ, ಜ್ವರ ಬಿಟ್ಟ ಮಗುವಿನ ವಿಷಯ ಹೇಳುವ ಹಾಗೆ. ಮೊದಲು ಹೊಗಳಿದ್ದು ಆಮೇಲೆ ಸಪ್ಪೆಯಾದರೆ “ಇಟ್ಟೂ ಇಟ್ಟೂ ಹಳಸಿದೆ” ಎಂಬ ತೀರ್ಪು.

ಬಾವಿ ತೋಡುವವನೊಬ್ಬನ ಕಾದಂಬರಿಯನ್ನು ನಾನೇ ಓದಲು ಕೊಟ್ಟಿದ್ದೆ. ನನಗೆ ಬಹಳ ಪ್ರಿಯವಾದದ್ದು. “ಇನ್ನೂರು ಪುಟ ತೋಡ್ತಾನೆ, ನೀರೇ ಬರಲ್ಲ. ನಾನ್ಯಾಕೆ ಬಗ್ಗಿ ನೋಡ್ಬೇಕು?” ಎಂದು ವಾಪಸು ಎಸೆದಿದ್ದ. ಈ ವರ್ಷ ತಾನಾಗಿಯೇ ಕೇಳಿ ಮತ್ತೆ ಓದಿದ. “ಪರವಾಗಿಲ್ಲ, ಮಣ್ಣು ತೇವ ಆಗಿದೆ. ಇನ್ನೊಂದ್ ಸಲ ಓದಿದ್ರೆ ನೀರು ಬರ್ಬೋದು.”

ಆ ಇನ್ನೊಂದು ಸಲ ಆಗಲಿಲ್ಲ. ಅಂಗಡಿಯಲ್ಲಿ ಎದೆನೋವು ಬಂತು. ಆಸ್ಪತ್ರೆಗೆ ಸೇರಿಸಿದ ದಿನವೇ ಹೋದ.

ಶೆಟ್ಟಿಹಳ್ಳಿಯ ಮನೆಯಲ್ಲಿ ಅವನ ಹೆಂಡತಿ ಕಲ್ಲಮ್ಮ ನನ್ನನ್ನು ಕೂರಿಸಿ ಹೇಳಿದರು: “ಪುಸ್ತಕ ನೀವೇ ಆರಿಸ್ಬೇಕು ಸೋಮಣ್ಣ. ಒಬ್ರಾದ್ರೂ ಓದ್ಬೇಕು. ಇವ್ರ ಹೆಸರಿಂದು ಟೀವಿ ಪಕ್ಕ ಹೋಗಿ ಕೂತ್ರೆ ನಂಗೆ ತಡ್ಕೊಳಕ್ಕಾಗಲ್ಲ.”

ನಾನು ಕಪಾಟಿನ ಮುಂದೆ ನಿಂತೆ. ಯಾವುದನ್ನು ಮುಟ್ಟಿದರೂ ಅವನು ಅದಕ್ಕೆ ಹೇಳಿದ್ದ ಮಾತೇ ಕಿವಿಗೆ ಬೀಳುತ್ತಿತ್ತು. ಕೊನೆಗೆ ಬಾವಿಯ ಕಾದಂಬರಿ ಎಂದೆ.

“ಅದನ್ನ ಅಪ್ಪ ಬೈದಿದ್ರಲ್ವಾ ಮಾಮ?” ಎಂದಳು ಮಗಳು ಮಾಲಿನಿ.

“ಪೂರ್ತಿ ಬೈದು ಮುಗಿಸಿರಲಿಲ್ಲ.”

“ಅದೇ ಇರ್ಲಿ” ಎಂದರು ಕಲ್ಲಮ್ಮ. “ಹೊಗಳಿದ್ದನ್ನ ಕೊಟ್ರೆ ಜನ ಪೂಜೆ ಮಾಡಿ ಇಟ್ಬಿಡ್ತಾರೆ.”

ಆರಾಧನೆಯ ದಿನ ಬಂದವರೆಲ್ಲ ಪುಸ್ತಕವನ್ನು ಕಣ್ಣಿಗೊತ್ತಿಕೊಂಡರು. ನನಗೆ ಆಗಲೇ ಅನುಮಾನ ಶುರುವಾಯಿತು. ನನ್ನೂರು ಗುಬ್ಬಿಗೆ ಹಿಂದಿರುಗಲು ಬಸ್ ಹತ್ತಿ, ಅವನ ಜೊತೆ ಓಡಾಡಿದ ಅಭ್ಯಾಸಕ್ಕೆ ಪಕ್ಕದ ಸೀಟಿಗೆ ಟವೆಲ್ ಹಾಕಿದೆ. “ಯಾರಾದ್ರೂ ಬರ್ತಾರಾ ಸಾರ್?” ಎಂದ ಕಂಡಕ್ಟರ್. ಟವೆಲ್ ತೆಗೆದುಕೊಂಡೆ.

ಆಮೇಲೆ ಎಷ್ಟೋ ದಿನ ಯಾರೂ ಪುಸ್ತಕದ ಮಾತೆತ್ತಲಿಲ್ಲ. “ಪಾಯಸ ಚೆನ್ನಾಗಿತ್ತು ಅಂತ ಎಲ್ರೂ ಅಂತಾರೆ” ಎಂದು ಕಲ್ಲಮ್ಮ ಫೋನಿನಲ್ಲಿ ಹೇಳುತ್ತಿದ್ದರು.

ಕಳೆದ ಭಾನುವಾರ ನಾನು ಅವರ ಮನೆಯಲ್ಲಿದ್ದಾಗ ಉದಯಕುಮಾರ್ ಬಂದ. ಪುಸ್ತಕ ಕಂಕುಳಲ್ಲಿತ್ತು. ಕಾಫಿ ಕುಡಿದು ಲೋಟ ಕೆಳಗಿಟ್ಟ. ಆ ಲೋಟ ಇಟ್ಟ ಗತ್ತು ನೋಡಿಯೇ ನನಗೆ ಗೊತ್ತಾಯಿತು.

“ಬೇಜಾರ್ ಮಾಡ್ಕೋಬೇಡಿ ಅಮ್ಮ. ನಿಮ್ ಯಜಮಾನ್ರು ಒಳ್ಳೇವ್ರು. ಪುಸ್ತಕ ಮಾತ್ರ ಚೆನ್ನಾಗಿಲ್ಲ.”

ಕಲ್ಲಮ್ಮನ ಕೈ ಲೋಟದ ಮೇಲೆಯೇ ನಿಂತಿತು. “ಯಾಕಪ್ಪಾ?”

“ಬರೀ ತೋಡ್ತಾನೆ. ಕಲ್ಲು ಸಿಕ್ದಾಗ ಹೆಂಡ್ತಿ ಬುತ್ತಿ ತಂದು ಬಾವಿ ಅಂಚಲ್ಲಿ ಮಾತಾಡ್ದೆ ಕೂತಿರ್ತಾಳಲ್ಲ, ಅದೊಂದು ಚೆನ್ನಾಗಿದೆ. ಮಿಕ್ಕಿದ್ದೆಲ್ಲ ಮಣ್ಣು!”

ಕಲ್ಲಮ್ಮ ನಕ್ಕರು. ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು, ಅದೇ ಸೆರಗಿನಲ್ಲಿ ಕಣ್ಣೂ ಒರೆಸಿಕೊಂಡರು. ಉದಯಕುಮಾರ್ ಗಾಬರಿಯಾಗಿ ನನ್ನ ಕಡೆ ನೋಡಿದ.

“ಇನ್ನೊಂದ್ ಸಲ ಓದಪ್ಪ, ಸುಧಾರಿಸಿರುತ್ತೆ” ಎಂದೆ.

“ಓದ್ತೀನಿ ಸಾರ್. ಓದಿ, ಮತ್ತೆ ಬಂದು ಹೇಳ್ತೀನಿ. ಸುಮ್ನೆ ಬುಡಲ್ಲ.”

ಕಲ್ಲಮ್ಮ ಲೋಟ ಎತ್ತಿಕೊಂಡು ಒಳಗೆ ಹೋಗುತ್ತಾ ತಿರುಗಿ ಹೇಳಿದರು: “ಆಗ ಊಟಕ್ಕೇ ಬಾರಪ್ಪ. ಕಾಫಿ ಕುಡಿಯೋ ಹೊತ್ತಲ್ಲಿ ಬೈದು ಮುಗಿಯಲ್ಲ.”