ಅಣ್ಣನ ಕೋಟು ತೊಟ್ಟ ಗೊಂಬೆ

ಆ ಬೀದಿಯಲ್ಲಿ ದರ್ಜಿಯ ನಿಜವಾದ ಹೆಸರು ಯಾರಿಗೂ ನೆನಪಿರಲಿಲ್ಲ. ಯಾರು ಏನು ಕೇಳಿದರೂ ಅವನ ಬಾಯಿಂದ ಹೊರಡುತ್ತಿದ್ದ ಒಂದೇ ಒಂದು ಮಾತನ್ನು ಹಿಡಿದು ಎಲ್ಲರೂ ಅವನನ್ನು ಆಯ್ತಪ್ಪ ಎಂದೇ ಕರೆಯುತ್ತಿದ್ದರು. ನಾಯಿಗೆ ಕೋಟು ಹೊಲಿದುಕೊಡು ಎಂದರೆ ಆಯ್ತಪ್ಪ. ಸ್ಕೂಟರಿನ ಸೀಟಿಗೆ ಜೇಬು ಇಡು ಎಂದರೆ ಆಯ್ತಪ್ಪ. ಹಳೇ ಛತ್ರಿಯ ಬಟ್ಟೆ ತಂದು ಇದರಲ್ಲೇ ಅಂಗಿ ಆಗಬೇಕು ಎಂದು ಹಟ ಹಿಡಿದ ಪುಣ್ಯಾತ್ಮನಿಗೂ ಆಯ್ತಪ್ಪ. ಎದುರು ಅಂಗಡಿಯ ಕ್ಷೌರಿಕನಂತೂ ಎರಡು ದಿನದ ಮಟ್ಟಿಗೆ ಎಂದು ತನ್ನದೊಂದು ಕುರ್ಚಿಯನ್ನು ಇವನ ಅಂಗಡಿಯಲ್ಲಿ ತಂದಿಟ್ಟು ವರ್ಷಗಳೇ ಕಳೆದಿದ್ದವು. ಜನ ಹೆಚ್ಚಾದ ದಿನ ಅಲ್ಲೇ ಬಂದು ಒಬ್ಬಿಬ್ಬರ ತಲೆಗೂದಲು ಕತ್ತರಿಸಿ ಹೋಗುತ್ತಿದ್ದ. ಹೊಸ ಅಂಗಿ ತೊಟ್ಟವರು ಅದರೊಳಗೆ ಸೇರಿದ ಕೂದಲು ಚುಚ್ಚಿ ಕತ್ತು ಕೆರೆದುಕೊಳ್ಳುತ್ತ ವಾಪಸ್ ಬಂದು ಬೈದರೆ, ಅದಕ್ಕೂ ದರ್ಜಿ ತಲೆ ತಗ್ಗಿಸಿ ಆಯ್ತಪ್ಪ ಎನ್ನುತ್ತಿದ್ದ.

ಕೆಲಸದಲ್ಲಿ ಮಾತ್ರ ಅವನತ್ತ ಬೆರಳು ತೋರಿಸುವಂತಿರಲಿಲ್ಲ. ಕತ್ತರಿ ಹಿಡಿದ ಕೈ ಒಮ್ಮೆಯೂ ನಡುಗಿದ್ದಲ್ಲ. ನಡುಗುತ್ತಿದ್ದುದು ನಾಲಿಗೆ. ಅಂಗಡಿಯ ಅರ್ಧ ಜಾಗ ಬಟ್ಟೆ ಕತ್ತರಿಸುವ ಉದ್ದನೆಯ ಮೇಜಿಗೇ ಮೀಸಲು. ಉಳಿದರ್ಧದಲ್ಲಿ ಹೊಲಿಗೆ ಮಿಷನ್ನು, ನಿಲುವುಗನ್ನಡಿ, ಮೇಲೆ ಹೇಳಿದ ಕುರ್ಚಿ, ಮತ್ತು ಒಂಟಿ ಕಾಲಿನ ಮೇಲೆ ನಿಂತ ತಲೆಯಿಲ್ಲದ ಒಂದು ಗೊಂಬೆ. ಪರದೆಯ ಹಿಂದೆ ಹೆಂಡತಿ ಗುಂಡಿ ಹಾಕುತ್ತ, ಅಂಚು ಹೊಲಿಯುತ್ತ ಕೂತಿರುತ್ತಿದ್ದಳು. ಗಂಡ ಆಯ್ತಪ್ಪ ಎಂದಾಗಲೆಲ್ಲ ಸೂಜಿಯನ್ನು ಸ್ವಲ್ಪ ಜೋರಾಗಿಯೇ ಚುಚ್ಚುತ್ತಿದ್ದಳು.

ಹೀಗಿರುವಾಗ ಒಂದು ದಿನ ದರ್ಜಿಯ ಅಣ್ಣ ಬಂದ. ತನ್ನ ಹೆಂಡತಿಯ ತಮ್ಮ ಬಣ್ಣದ ಮೀನು ಮಾರುವ ಅಂಗಡಿ ಇಡುತ್ತಾನಂತೆ, ಗಾಜಿನ ತೊಟ್ಟಿ ಇಡಲು ಜಾಗ ಬೇಕಂತೆ, ಈ ಮೇಜು ಎತ್ತಿಬಿಟ್ಟರೆ ಅರ್ಧ ಅಂಗಡಿ ಖಾಲಿಯಾಗುತ್ತದಲ್ಲ ಎಂದ. ದರ್ಜಿ ಬಾಯಿ ತೆರೆದ. ಇನ್ನೇನು ಆ ಮಾತು ಹೊರಬೀಳಬೇಕು, ಅಷ್ಟರಲ್ಲಿ ಪರದೆಯ ಹಿಂದೆ ಗುಂಡಿಗಳ ಡಬ್ಬ ದಡಾರನೆ ನೆಲಕ್ಕೆ ಬಿತ್ತು. ಅದು ತಾನಾಗಿ ಬೀಳಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ. ಎಲ್ಲರೂ ಬಗ್ಗಿ ಗುಂಡಿ ಆರಿಸುವ ಗಡಿಬಿಡಿಯಲ್ಲಿ ಉತ್ತರ ಉಳಿದೇಹೋಯಿತು. ತಿಂಗಳ ಕೊನೆಗೆ ಜಾಗದ ಅಳತೆ ತೆಗೆಯಲು ಬರುತ್ತೇನೆ ಎಂದು ಅಣ್ಣ ಹೊರಟ.

"ಮೇಜು ಹೋದ್ರೆ ಬಟ್ಟೆ ಎಲ್ಲಿ ಕತ್ತರಿಸ್ತೀರಿ? ಮೀನಿನ ಬೆನ್ನ ಮೇಲಾ?" ಎಂದಳು ಹೆಂಡತಿ.

"ಅಣ್ಣನಿಗೆ ಹೇಗೆ ಕಣೇ ಆಗಲ್ಲ ಅನ್ನೋದು? ಚಿಕ್ಕಂದಿನಲ್ಲಿ ನನ್ನನ್ನ ಹೆಗಲ ಮೇಲೆ ಹೊತ್ಕೊಂಡು ತಿರುಗಿದವನು."

"ಈಗ ಅವರ ಭಾಮೈದನ್ನ ನಿಮ್ಮ ಹೆಗಲ ಮೇಲೆ ಕೂರಿಸ್ತಿದ್ದಾರೆ ನೋಡಿ."

ದರ್ಜಿಗೆ ಅಳುವೇ ಬಂತು. ಮೇಜು ಹೋದರೆ ಕಸುಬು ಹೋದಂತೆ ಎಂಬುದು ಅವನಿಗೆ ತಿಳಿಯದ್ದೇನಲ್ಲ. ಹೆಂಡತಿ ಗಂಡನನ್ನು ಚೆನ್ನಾಗಿ ಬಲ್ಲವಳು. ಧೈರ್ಯ ತಂದುಕೊಳ್ಳಿ ಎಂದು ಉಪದೇಶ ಮಾಡುವಷ್ಟು ದಡ್ಡಿಯಲ್ಲ. "ಮಿಷನ್ನಿಗೆ ಎಣ್ಣೆ ಬಿಡೋದನ್ನ ಒಂದು ದಿನವಾದ್ರೂ ಮರೆತಿದ್ದೀರಾ? ಜ್ವರ ಬಂದಾಗಲೂ ಕಂಬಳಿ ಹೊದ್ಕೊಂಡು ಬಂದು ಎಣ್ಣೆ ಬಿಟ್ಟಿದ್ದೀರಿ. ನಾಳೆಯಿಂದ ಎಣ್ಣೆ ಬಿಟ್ಟ ಕೂಡಲೇ, ಆ ಡಬ್ಬಿ ಕೈಯಲ್ಲಿರೋವಾಗಲೇ, ಗೊಂಬೆ ಮುಂದೆ ನಿಂತು ಆಗಲ್ಲ ಅನ್ನಿ. ಒಂದೇ ಸಲ. ಆಮೇಲೆ ಶಟರ್ ಎತ್ತಿ," ಎಂದಳು.

ಗೊಂಬೆಯನ್ನು ಸಿದ್ಧಪಡಿಸಿದವಳೂ ಅವಳೇ. ಅಣ್ಣ ಎಂದೋ ಸಡಿಲ ಮಾಡಲು ಕೊಟ್ಟು ಮರೆತಿದ್ದ ಕಂದು ಕೋಟನ್ನು ಅದಕ್ಕೆ ತೊಡಿಸಿದಳು. ತಲೆಯ ಜಾಗದಲ್ಲಿ ಒಂದು ದುಂಡು ದಿಂಬು ಕಟ್ಟಿದಳು. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ನೀಲಿ ಮೀಸೆ ಬರೆದಳು. ಹೋಲಿಕೆ ಎಷ್ಟು ಚೆನ್ನಾಗಿತ್ತೆಂದರೆ, ಮೊದಲ ದಿನ ದರ್ಜಿ ಅದರ ಮುಂದೆ ಚಪ್ಪಲಿ ಬಿಟ್ಟು ನಿಂತ. ಗಂಟಲು ಸರಿಪಡಿಸಿಕೊಂಡ. ಆ ಎಂದ, ಮತ್ತೊಮ್ಮೆ ಆ ಎಂದ, ಕೊನೆಗೆ ಆಯ್ತು ಎಂದ. ಗೊಂಬೆಗೆ ಬೇಜಾರಾಗದಿರಲಿ ಎಂದು ಕೋಟಿನ ಜೋಲುಗುಂಡಿಯೊಂದನ್ನು ಬಿಗಿಯಾಗಿ ಹೊಲಿದೂ ಕೊಟ್ಟ. ಪರದೆಯ ಹಿಂದಿನಿಂದ ಎರಡೇ ಮಾತು ಕೇಳಿಸಿತು: ನಾಳೆ ಮತ್ತೆ.

ಹಾಗೆ ನಾಳೆಗಳು ಬಂದವು. ಒಂದು ದಿನ ಗೊಣಗಿದ, ಇನ್ನೊಂದು ದಿನ ಗೋಡೆಗೆ ಹೇಳಿದ, ಮತ್ತೊಂದು ದಿನ ಪಿಸುಗುಟ್ಟಿ ಓಡಿಹೋದ. ಆದರೆ ಎಣ್ಣೆ ಬಿಡುವುದು ತಪ್ಪಲಿಲ್ಲವಾದ್ದರಿಂದ ಇದೂ ತಪ್ಪಲಿಲ್ಲ. ಒಂದು ಬೆಳಿಗ್ಗೆ ಆ ಮಾತು ಇಡಿಯಾಗಿ, ಗಟ್ಟಿಯಾಗಿ ಹೊರಬಂದಾಗ ಅವನೇ ಬೆಚ್ಚಿ, ಯಾರು ಹೇಳಿದ್ದು ಎಂದು ಹಿಂತಿರುಗಿ ನೋಡಿದ. ಆಮೇಲೆ ಅದು ಬೆಳೆಯಿತು. ಮೇಜು ಇಲ್ಲೇ ಇರುತ್ತೆ, ಆಗಲ್ಲ ಎಂಬಲ್ಲಿಗೆ ಬಂದು ನಿಂತಿತು.

ಒಂದು ದಿನ ಕ್ಷೌರಿಕ ಅರ್ಧ ಎತ್ತಿದ ಶಟರಿನ ಕೆಳಗೆ ಬಗ್ಗಿ ನೋಡಿದ. ಎಣ್ಣೆ ಡಬ್ಬಿ ಹಿಡಿದ ಮನುಷ್ಯನೊಬ್ಬ ಮೀಸೆಯಿರುವ ದಿಂಬನ್ನು ಗದರಿಸುತ್ತಿದ್ದ. ಕ್ಷೌರಿಕ ಯಾರೂ ಕೇಳದೆಯೇ ಅವತ್ತೇ ತನ್ನ ಕುರ್ಚಿಯನ್ನು ಹೊತ್ತುಕೊಂಡು ಹೋದ. ಇದೆಲ್ಲ ಅಭ್ಯಾಸದ ಫಲ ಎಂದು ದರ್ಜಿ ಬೀಗಿದ. ಹುಚ್ಚು ಅಂತಾದರೂ ಅಂದುಕೊಳ್ಳಲಿ, ಕುರ್ಚಿ ತೊಲಗಿತಲ್ಲ ಎಂದು ಹೆಂಡತಿ ಆ ಜಾಗ ಗುಡಿಸಿದಳು. ಆದರೆ ಅಂಗಡಿಯ ಹೊರಗೆ, ಗೊಂಬೆ ಮತ್ತು ಡಬ್ಬಿ ಇಲ್ಲದ ಕಡೆ, ಪರಿಸ್ಥಿತಿ ಎಂದಿನಂತೆಯೇ ಇತ್ತು. ತರಕಾರಿಯವಳು ಕೊಳೆತ ಬದನೆಕಾಯಿ ತೂಗಿದರೂ ಆಯ್ತಮ್ಮ ಎಂದು ಚೀಲ ಒಡ್ಡುತ್ತಿದ್ದ. ದಿಂಬಿನ ಮುಂದೆ ಬರುವ ಮಾತು ಅಣ್ಣನ ಮುಂದೆಯೂ ಬಂದೀತೆಂಬ ನಂಬಿಕೆ ಅವನಿಗೇ ಇರಲಿಲ್ಲ.

ಅಣ್ಣ ತಿಂಗಳ ಕೊನೆಯವರೆಗೆ ಕಾಯಲಿಲ್ಲ. ಒಂದು ಬೆಳಿಗ್ಗೆ, ದರ್ಜಿ ಎಣ್ಣೆ ಬಿಡುತ್ತಿರುವಾಗಲೇ, ಕೆಂಪು ಮೀನೊಂದು ಈಜುತ್ತಿದ್ದ ಗಾಜಿನ ಜಾಡಿಯನ್ನು ಎದೆಗವಚಿಕೊಂಡು ಶಟರಿನಡಿ ನುಸುಳಿ ಬಂದ. ಜಾಡಿಯನ್ನು ಮೇಜಿನ ನಟ್ಟನಡುವೆ ಇಟ್ಟ. ಅಷ್ಟರಲ್ಲಿ ಗೊಂಬೆ ಕಣ್ಣಿಗೆ ಬಿತ್ತು. ಇದು ನನ್ನ ಕೋಟಲ್ಲವಾ ಎನ್ನುತ್ತ ಎಳೆದು ತೆಗೆದ. ದಿಂಬು ಉರುಳಿ ಮಿಷನ್ನಿನ ಕೆಳಗೆ ಸೇರಿತು. ಗೊಂಬೆಯನ್ನು ಬದಿಗೆ ಸರಿಸಿ, ಸರಿಯಾಗಿ ಅದರ ಜಾಗದಲ್ಲೇ ಕನ್ನಡಿಯ ಮುಂದೆ ನಿಂತು ಕೋಟು ತೊಟ್ಟುಕೊಂಡ. ಹೊಟ್ಟೆಯ ಮೇಲೆ ಗುಂಡಿ ಹಾಕಿಕೊಳ್ಳುತ್ತ, ಮೇಜನ್ನು ನಾಳೆಯೇ ಎತ್ತಿಸೋಣ ಅಲ್ವಾ ಎಂದು ಕೇಳಿದ.

ದರ್ಜಿಯ ಕೈಯಲ್ಲಿ ಎಣ್ಣೆ ಡಬ್ಬಿ. ಕಣ್ಣೆದುರು ಕಂದು ಕೋಟು. ಯೋಚಿಸಲು ಪುರಸೊತ್ತೇ ಸಿಗಲಿಲ್ಲ, ಬಾಯಿ ತನ್ನ ಪಾಡಿಗೆ ತಾನು ತೆರೆದುಕೊಂಡಿತು.

"ಮೇಜು ಇಲ್ಲೇ ಇರುತ್ತೆ. ಆಗಲ್ಲ."

ಮೀನು ಕೂಡ ಈಜುವುದನ್ನು ನಿಲ್ಲಿಸಿದ ಹಾಗೆ ದರ್ಜಿಗೆ ಅನ್ನಿಸಿತು. ಅಣ್ಣ ಮೆಲ್ಲಗೆ ಸ್ಟೂಲಿನ ಮೇಲೆ ಕೂತ. ಕಾಲಿಗೆ ತಗುಲಿದ ದಿಂಬನ್ನು ಎತ್ತಿ, ಇದು ಯಾರು ಎಂದು ಕೇಳಿದ. ನೀನೇ ಅಣ್ಣ ಎಂದ ದರ್ಜಿ. ಬೇರೆ ದಾರಿ ಕಾಣದೆ ಎಣ್ಣೆ, ಗೊಂಬೆ, ಮೀಸೆ ಎಲ್ಲವನ್ನೂ ಒಪ್ಪಿಸಿದ. ಇನ್ನು ಬೈಗುಳದ ಮಳೆ ಎಂದು ಕುತ್ತಿಗೆ ಕುಗ್ಗಿಸಿ ನಿಂತ. ಅಣ್ಣ ಕೋಟು ಬಿಚ್ಚಿ ತೊಡೆಯ ಮೇಲೆ ಮಡಿಸಿಟ್ಟುಕೊಂಡ.

"ನಿನ್ನ ಅತ್ತಿಗೆಗೆ ಆಗಲ್ಲ ಅಂತ ನಾನೇ ಹೇಳಬೇಕಿತ್ತು ಕಣೋ. ಬಾಯೇ ಬರಲಿಲ್ಲ. ಬಚ್ಚಲಲ್ಲಿ ಬಕೆಟ್ ಪೂರ್ತಿ ಮೀನು. ನಾನು ಸ್ನಾನ ಮಾಡಿ ವಾರ ಆಯ್ತು."

ಆಮೇಲೆ ಗೊಂಬೆಯತ್ತ ಆಸೆಯಿಂದ ನೋಡಿದ. "ಇದನ್ನ ಸ್ವಲ್ಪ ದಿನ ನಮ್ಮನೆಗೆ ಕೊಡ್ತೀಯಾ?"

ದರ್ಜಿ ಅಣ್ಣನ ಮುಖವನ್ನೇ ನೋಡಿದ. "ಆಗಲ್ಲ ಅಣ್ಣ. ನನಗೆ ದಿನಾ ಬೇಕು. ಬೆಳಿಗ್ಗೆ ಶಟರ್ ಎತ್ತೋಕೆ ಮುಂಚೆ ನೀನೇ ಇಲ್ಲಿಗೆ ಬಾ. ಈಗ ಮೀನು ತಗೊಂಡು ಹೋಗು, ಬಟ್ಟೆ ಕತ್ತರಿಸಬೇಕು."

ಹೇಳಿ ಮುಗಿಸಿದ ಮೇಲೆ ಅವನು ತನ್ನ ಕೈ ನೋಡಿಕೊಂಡ. ಖಾಲಿ. ಎಣ್ಣೆ ಡಬ್ಬಿ ಅಷ್ಟು ದೂರದಲ್ಲಿ ಮಿಷನ್ನಿನ ಮೇಲಿತ್ತು. ಅವನಿಗೆ ಎಷ್ಟು ಖುಷಿಯಾಯಿತೆಂದರೆ ಎರಡನೇ ಸಲ ಮಿಷನ್ನಿಗೆ ಎಣ್ಣೆ ಬಿಟ್ಟ. ಪರದೆಯ ಹಿಂದೆ ಸೂಜಿ ನಿಂತಿತ್ತು.

ಮರುದಿನ ಬೆಳಿಗ್ಗೆ ಅಣ್ಣ ಹೆಂಡತಿಯ ಶಾಲೊಂದನ್ನು ಕಂಕುಳಲ್ಲಿ ಬಚ್ಚಿಟ್ಟುಕೊಂಡು ಬಂದ. ಗೊಂಬೆಗೆ ಶಾಲು ಹೊದಿಸಿ, ದಿಂಬಿನ ಮೀಸೆ ಒರೆಸಿ, ಚಪ್ಪಲಿ ಬಿಟ್ಟು ಎದುರು ನಿಂತ. ಗಂಟಲು ಸರಿಪಡಿಸಿಕೊಂಡ. ಆ ಎಂದ, ಮತ್ತೊಮ್ಮೆ ಆ ಎಂದ, ಬೆವರು ಒರೆಸಿಕೊಂಡು ಆಯ್ತು ಎಂದ.

ದರ್ಜಿ ಮಿಷನ್ನಿನಿಂದ ತಲೆ ಎತ್ತದೆ, "ನಾಳೆ ಮತ್ತೆ," ಎಂದ.