ಸಾಹೇಬರ ಕೊಸರು

ನಾನು ಚಿಕ್ಕವನಿದ್ದಾಗ ದಿನಸಿ ತರುವುದೆಂದರೆ ಅರ್ಧ ದಿನದ ಕೆಲಸ. ಕುಂಬಾರಕೊಪ್ಪಲಿನ ನಮ್ಮ ಮನೆಯಿಂದ ಮಂಡಿ ಮೊಹಲ್ಲಾದವರೆಗೆ ನಾನೂ ಅಕ್ಕನೂ ಅಪ್ಪನ ಹಿಂದೆ ಬಿಸಿಲಲ್ಲಿ ಕಾಲೆಳೆಯುತ್ತ ಹೋಗುತ್ತಿದ್ದೆವು. ದಾರಿಯಲ್ಲೇ ಬೇಕಾದಷ್ಟು ಅಂಗಡಿಗಳಿದ್ದವು. ಅಪ್ಪ ಮಾತ್ರ ಅವನ್ನೆಲ್ಲ ದಾಟಿ, ಒಣಮೆಣಸಿನಕಾಯಿಯ ಘಾಟಿಗೆ ಸೀನುತ್ತ, ಒಬ್ಬ ಸಾಹೇಬರ ಅಂಗಡಿಗೇ ಹೋಗುತ್ತಿದ್ದರು.

ಅದಕ್ಕೆ ಕಾರಣ ಕೊಸರು. ಆ ಪದವೇ ನಿಮಗೆ ಗೊತ್ತಿರಲಿಕ್ಕಿಲ್ಲ. ತೂಕವೆಲ್ಲ ಮುಗಿದ ಮೇಲೆ ಅಂಗಡಿಯವರು ಪ್ರೀತಿಗೆಂದು ಇನ್ನೊಂದಿಷ್ಟು ಹಾಕಿಕೊಡುತ್ತಿದ್ದರಲ್ಲ, ಅದೇ ಕೊಸರು. ಸಾಹೇಬರು ಒಂದು ಹಿಡಿ ಬೇಳೆ ಹೆಚ್ಚಿಗೆ ಹಾಕಿ, ನಮ್ಮಿಬ್ಬರ ಅಂಗೈಗೂ ಬೆಲ್ಲದ ಚೂರು ಇಡುತ್ತಿದ್ದರು. ಅವರ ಬೇಳೆಯಲ್ಲಿ ಕಲ್ಲಿರುತ್ತಿತ್ತು, ಬೆಲೆಯೂ ತುಸು ಜಾಸ್ತಿಯೇ. ಕಲ್ಲು ಆರಿಸಿ ಸಾಕಾಗಿದ್ದ ಅಮ್ಮ ಗೊಣಗಿದರೆ, "ಧಾರಾಳದ ಕೈ ಕಣೇ ಅವರದು, ಬುಡು" ಎಂದು ಅಪ್ಪ ಮಾತು ಮುಗಿಸುತ್ತಿದ್ದರು.

ಒಂದು ದಿನ ಹೋದಾಗ ಸಾಹೇಬರ ಎದುರಿಗೇ ಹೊಸ ಅಂಗಡಿ ತೆರೆದಿತ್ತು. ಬಟ್ಟೆ ಒಗೆಯುವ ಪುಡಿಯ ದೊಡ್ಡ ಪೊಟ್ಟಣ ಕೊಂಡರೆ ಸ್ಟೀಲ್ ಲೋಟ ಉಚಿತ ಎಂದು ಬೋರ್ಡು ಹಾಕಿದ್ದರು. ನಮ್ಮ ಮನೆಯಲ್ಲಿ ಬಾರ್ ಸೋಪು ಬಿಟ್ಟರೆ ಬೇರೇನೂ ಬಳಸುತ್ತಿರಲಿಲ್ಲ. ಆದರೂ ಫಳಫಳ ಹೊಳೆಯುವ ಲೋಟ ನೋಡಿ ಅಕ್ಕ ನಿಂತಲ್ಲೇ ನಿಂತಳು.

"ಅಪ್ಪಾ, ಸುಮ್ನೆ ಕೊಡ್ತಾವ್ರೆ. ನಂಗೇ ಅಂತ ಒಂದು ಲೋಟ ಆಗುತ್ತೆ."

"ಸಾಹೇಬ್ರು ನೋಡಿದ್ರೆ ಏನಂದ್ಕೋತಾರಮ್ಮ?" ಎಂದರು ಅಪ್ಪ. ಆದರೆ ಅವರ ಕಣ್ಣೂ ಲೋಟದ ಮೇಲೇ ಇತ್ತು. ಪುಕ್ಕಟೆ ಸಿಕ್ಕರೆ ನನಗೊಂದು, ನಮ್ಮಪ್ಪನಿಗೊಂದು ಅನ್ನುತ್ತಾರಲ್ಲ, ಹಾಗಾಯಿತು ನಮ್ಮ ಪಾಡು.

ಸಾಹೇಬರು ಬೆನ್ನು ತಿರುಗಿಸಿ ಮೂಟೆ ಬಿಚ್ಚುವ ಹೊತ್ತು ನೋಡಿ ಮೂವರೂ ಹೊಸ ಅಂಗಡಿಗೆ ನುಗ್ಗಿದೆವು. ಹೇಗೂ ಒಳಗೆ ಬಂದಾಯಿತಲ್ಲ ಎಂದು ಅಪ್ಪ ದಿನಸಿಯನ್ನೂ ಅಲ್ಲೇ ಕೊಂಡರು.

ಹೊರಗೆ ಬಂದರೆ ಸಾಹೇಬರು ಬಾಗಿಲಲ್ಲೇ ನಿಂತು ನಮ್ಮನ್ನೇ ನೋಡುತ್ತಿದ್ದರು. ಅಪ್ಪ ಚೀಲವನ್ನು ಬೆನ್ನ ಹಿಂದಕ್ಕೆ ಹಿಡಿದರು. ಅಷ್ಟು ದೊಡ್ಡ ಚೀಲ ಎಲ್ಲಿ ಅಡಗೀತು? ಸಾಹೇಬರು ಒಳಗೆ ಹೋಗಿ ಬೆಲ್ಲ ತಂದು ನಮ್ಮ ಕೈಗಿಟ್ಟರು.

"ಮಕ್ಳು ಬರಿಗೈಲಿ ಹೋಗೋದು ಬ್ಯಾಡ, ಗೌಡ್ರೇ. ಬಿಸ್ಲು ಬೇರೆ."

ಅಪ್ಪ ಮನೆ ಹತ್ತಿರವಾದಾಗ, "ಇನ್ನು ಸಾಯೋಗಂಟ ಅವರ ಅಂಗ್ಡಿ ಬುಡಂಗಿಲ್ಲ ಕಣಮ್ಮ" ಎಂದರು. ಬಿಡಲೂ ಇಲ್ಲ. ಕಾಲುನೋವು ಬಂದ ಮೇಲೂ ಅಷ್ಟು ದೂರ ನಡೆದೇ ಹೋದರು. ಅಕ್ಕ ಆ ಲೋಟದಲ್ಲಿ ಕಾಫಿ ಕುಡಿಯುವಾಗ ಅವರು ಆ ಕಡೆ ನೋಡುತ್ತಿರಲಿಲ್ಲ. ಸಾಹೇಬರು ಕೊಟ್ಟದ್ದು ಪ್ರೀತಿಯೋ ವ್ಯಾಪಾರವೋ ನನಗೆ ಇವತ್ತಿಗೂ ತಿಳಿದಿಲ್ಲ. ಎರಡೂ ಇದ್ದಿರಬೇಕು.

ಈಗ ನಾವಿರುವುದು ವಿಜಯನಗರದಲ್ಲಿ. ನನ್ನ ಮೊಮ್ಮಕ್ಕಳು ಫೋನಿನಲ್ಲೇ ದಿನಸಿ ತರಿಸುತ್ತಾರೆ. ಪಾಯಿಂಟ್ಸ್ ಸಿಗುತ್ತವೆಂದು, ಡೆಲಿವರಿ ಫ್ರೀ ಆಗುತ್ತದೆಂದು ಬೇಡದ ಬಿಸ್ಕತ್ತನ್ನೂ ಸೇರಿಸುತ್ತಾರೆ. ಬೈಯಲು ನನಗೆ ಬಾಯಿಲ್ಲ, ಶಕ್ತಿಯೂ ಇಲ್ಲ. ಸುಮ್ಮನೆ ಸಿಗುತ್ತದೆಂದರೆ ಯಾರೋ ನಮ್ಮನ್ನು ನೆನೆಸಿಕೊಂಡು ಕೊಟ್ಟಂತೆ ಅನ್ನಿಸುತ್ತದೆ. ಆ ಆಸೆ ನಮಗೂ ಇತ್ತು. ಮೊಮ್ಮಗಳು ಆ್ಯಪ್ ಬದಲಾಯಿಸಿದರೆ ಹಳೆಯದು "ನಿಮ್ಮನ್ನು ತುಂಬಾ ಮಿಸ್ ಮಾಡಿಕೊಳ್ಳುತ್ತಿದ್ದೇವೆ" ಎಂದು ಮೆಸೇಜು ಕಳಿಸುತ್ತದೆ. ಅವಳು ಓದದೇ ಅಳಿಸಿಹಾಕುತ್ತಾಳೆ. ಅವಳು ಯಾವ ಬೀದಿಯಲ್ಲೂ ಯಾರಿಗೂ ಮುಖ ತಪ್ಪಿಸಿ ನಡೆಯಬೇಕಾಗಿಲ್ಲ. ಆರಾಮವೇ. ಆದರೆ ಈ ವಾರ ಅವಳು ಬರಲಿಲ್ಲವಲ್ಲ ಎಂದು ಬಾಗಿಲಿಗೆ ಬಂದು ನೋಡುವವರೂ ಈ ಊರಲ್ಲಿ ಯಾರೂ ಇಲ್ಲ.