ಗ್ರ್ಯಾಂಡಿಸನ್ ಮತ್ತು ಪರ್ಮೀಲಿಯಾ

ಕಾನ್ಸಾಸ್‌ನ ಬಯಲಲ್ಲಿ ಕಪ್ಪು ಜನ ತಮಗಾಗಿ ಕಟ್ಟಿಕೊಂಡ ಬೆತೆಲ್ ದಿಬ್ಬ ಎಂಬ ಊರಿಗೆ ಮೊದಲು ಬಂದವರಲ್ಲಿ ಗ್ರ್ಯಾಂಡಿಸನ್ ಒಬ್ಬ. ಕೆಂಟಕಿಯಲ್ಲಿ ಗುಲಾಮನಾಗಿ ಹುಟ್ಟಿದವನು. ಬಿಡುಗಡೆಯಾದ ಮೇಲೂ ಅಲ್ಲಿ ಓಟು ಹಾಕಲು ಹೋದವರ ಗುಡಿಸಲಿಗೆ ಬೆಂಕಿ ಬೀಳುತ್ತಿತ್ತು. ಸ್ವಂತ ನೆಲ ಸಿಗುತ್ತದೆ, ತಲೆಯೆತ್ತಿ ಬದುಕಬಹುದು ಎಂದು ಹೊರಟ ಗುಂಪಿನಲ್ಲಿ ಅವನೂ ಸೇರಿಕೊಂಡ.

ಮರವೇ ಇಲ್ಲದ ಬಯಲು. ಜನ ದಿಬ್ಬ ಕೊರೆದು ಮನೆ ಮಾಡಿಕೊಂಡರು. ಗ್ರ್ಯಾಂಡಿಸನ್ ಬಾವಿ ತೋಡಿದ. ಯಾರಾದರೂ ಮದುವೆಯ ಮಾತೆತ್ತಿದರೆ, "ನಂಗೆ ಹೆಂಡ್ತಿ ಇದಾಳೆ ಕಣ್ರೋ. ಎಲ್ಲಿದಾಳೆ ಅಂತ ಗೊತ್ತಿಲ್ಲ, ಅಷ್ಟೆ" ಎನ್ನುತ್ತಿದ್ದ.

ಅವಳ ಹೆಸರು ಪರ್ಮೀಲಿಯಾ. ಯಜಮಾನ ಅವಳನ್ನು ದಕ್ಷಿಣದ ವ್ಯಾಪಾರಿಗೆ ಮಾರಿದಾಗ ಇವನು ಹೊಲದಲ್ಲಿದ್ದ. ಮನೆಗೆ ಬಂದರೆ ಒಲೆ ಇನ್ನೂ ಬಿಸಿಯಿತ್ತು. ಬಿಡುಗಡೆಯಾದ ಮೇಲೆ ಮಿಸಿಸಿಪ್ಪಿಯವರೆಗೂ ನಡೆದ, ಚರ್ಚುಚರ್ಚಿನಲ್ಲಿ ಅವಳ ಹೆಸರು ಕೂಗಿಸಿದ. ಯಾರೂ ಓಗೊಡಲಿಲ್ಲ.

ಒಂದು ವಸಂತದಲ್ಲಿ ಊರಿಗೆ ಹೊಸ ಗಾಡಿಯೊಂದು ಬಂತು. ಅದನ್ನು ಹೊಡೆಯುತ್ತಿದ್ದವನು ಐಸೋಮ್ ಎಂಬವನು, ಹಿಂದೆ ಹೆಂಡತಿ, ಮಕ್ಕಳು. ಬಂದವರಿಗೆ ನೀರು ಕೊಡಲು ಗ್ರ್ಯಾಂಡಿಸನ್ ಬಕೆಟ್ ಹಿಡಿದು ಹೋದ. ಹೆಂಗಸು ಕುಡಿಯುತ್ತ ಅವನ ಮುಖ ನೋಡಿದಳು.

"ನಿನ್ನ ಕಿವಿ ಏನಾಯ್ತು, ಗ್ರ್ಯಾಂಡಿ?"

"ನಿನ್ನ ಹುಡುಕ್ಕೊಂಡು ಓಡಿದ್ದಕ್ಕೆ ಕತ್ತರಿಸಿದ್ರು" ಎಂದ ಅವನು.

ಪರ್ಮೀಲಿಯಾ ಕೈ ಚಾಚಿ ಆ ಕಿವಿ ಮುಟ್ಟಿದಳು. ಐಸೋಮ್‌ಗೆ ಅರ್ಥವಾಗಲು ಹೊತ್ತು ಹಿಡಿಯಲಿಲ್ಲ. "ನೀನು ಸತ್ತೋಗಿದೀಯ ಅಂತ ಹೇಳಿದ್ರಣ್ಣ ಇವಳಿಗೆ. ದೇವರಾಣೆ" ಎಂದು ತಡವರಿಸಿದ.

ಊರಿನ ಪಾದ್ರಿ ಮೂವರನ್ನೂ ಕೂರಿಸಿಕೊಂಡು, ಯಾರ ಜೊತೆ ಬಾಳಬೇಕೆಂಬ ತೀರ್ಮಾನ ಅವಳದೇ ಎಂದರು. ಪರ್ಮೀಲಿಯಾ ತುಂಬ ಹೊತ್ತು ಅತ್ತಳು. ಆಮೇಲೆ ಗ್ರ್ಯಾಂಡಿಸನ್ ಕಡೆ ತಿರುಗಿದಳು.

"ನಿನ್ನ ಬಿಟ್ಟು ನಾನಾಗಿ ಹೋಗ್ಲಿಲ್ಲ, ಎಳ್ಕೊಂಡು ಹೋದ್ರು. ಈಗ ಇವನ್ನ ಬಿಟ್ರೆ ಅದು ನಾನೇ ಮಾಡಿದ್ದಾಗುತ್ತೆ. ಮಕ್ಕಳ ಮುಖ ಹೆಂಗೆ ನೋಡ್ಲಿ?"

ಗ್ರ್ಯಾಂಡಿಸನ್ ಟೋಪಿ ಹಾಕಿಕೊಂಡು ಎದ್ದ. "ನಿಮ್ಗೆ ಬಾವಿ ಎಲ್ಲಿ ಬೇಕು ಹೇಳಿ. ಬೇಸಿಗೆ ಬರೋದ್ರೊಳಗೆ ನೀರು ಸಿಗ್ಬೇಕು."

ಅವನು ಒಳಗಿಳಿದು ಅಗೆದ, ಐಸೋಮ್ ಮೇಲೆ ನಿಂತು ಹಗ್ಗದಲ್ಲಿ ಮಣ್ಣೆಳೆದ. ಒಂದು ದಿನ ಐಸೋಮ್ ಬಗ್ಗಿ ಕೇಳಿದ: "ನನ್ಮೇಲೆ ಸಿಟ್ಟಿಲ್ವಾ ಅಣ್ಣ?"

"ಹಗ್ಗ ಹಿಡ್ಕೊಂಡಿರೋನು ನೀನು. ಸಿಟ್ಟು ಮಾಡ್ಕೊಂಡು ಬದುಕ್ತೀನೇನೋ?"

ಇಬ್ಬರೂ ನಕ್ಕರು. ಐಸೋಮ್‌ನ ನಗು ನಿಂತ ಮೇಲೆ ಕೆಳಗಿನಿಂದ ಬರುತ್ತಿದ್ದುದು ನಗುವಾಗಿರಲಿಲ್ಲ. ಐಸೋಮ್ ಹಗ್ಗ ಬಿಗಿ ಹಿಡಿದು, ಎಳೆಯದೆ ನಿಂತ.

ಕೆಲವು ವರ್ಷಗಳಾದ ಮೇಲೆ ರೈಲು ಹಳಿ ಈ ಊರನ್ನು ಬಿಟ್ಟು ಹೊಳೆಯಾಚೆ ಹಾದುಹೋಯಿತು. ಅಂಗಡಿಗಳು ಅಲ್ಲಿಗೆ ಹೋದವು, ಜನರೂ ಹೋದರು, ಐಸೋಮ್ ಸಂಸಾರವೂ ಹೋಯಿತು. ಗ್ರ್ಯಾಂಡಿಸನ್ ಮಾತ್ರ ಕದಲಲಿಲ್ಲ. "ಈ ನೆಲ ನಂದು ಅಂತ ಸರ್ಕಾರವೇ ಒಪ್ಪಿದೆ. ಇನ್ನೆಲ್ಲಿಗೆ ಹೋಗ್ಲಿ?" ಎಂದ.

ಆ ಚಳಿಗಾಲ ಅವನು ಎದೆಕಫದಿಂದ ಮಲಗಿದ. ಸುದ್ದಿ ತಿಳಿದು ಐಸೋಮ್ ತಾನೇ ಗಾಡಿ ಕಟ್ಟಿ ಪರ್ಮೀಲಿಯಾಳನ್ನು ಕರೆತಂದು ಬಿಟ್ಟುಹೋದ. ಅವಳು ಜೋಳದ ಗಂಜಿ ಕುಡಿಸಿದಳು, ಎದೆಗೆ ಎಣ್ಣೆ ತಿಕ್ಕಿದಳು. ಕೊನೆಯ ಬೆಳಿಗ್ಗೆ ಅವನು, "ಒಲೆ ಬಿಸಿ ಇದೆಯಾ?" ಎಂದು ಕೇಳಿದನಂತೆ. "ಇದೆ, ಮಲಗು" ಎಂದಳು.

ಮಂಜುಗಟ್ಟಿದ ನೆಲ ಅಗೆದು ಅವನನ್ನು ಹೂಳಲು ಹೊಳೆಯಾಚೆಯಿಂದ ಬಂದ ಗಂಡಸರು ಹೈರಾಣಾದರು. ಪರ್ಮೀಲಿಯಾ ಗಂಡ ಸತ್ತವಳಂತೆ ವರ್ಷವಿಡೀ ಶೋಕದ ಕಪ್ಪುಡುಗೆ ತೊಟ್ಟಳು. ಆ ಬಟ್ಟೆ ತಂದುಕೊಟ್ಟವನು ಐಸೋಮೇ.